ಸಹಾಯ ಬೇಕು: ಡೀಸೋಲ್ಡರಿಂಗ್‌ಗೆ ಯಾವ ಟೂಲ್ ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ. ಅಪ್ಪನ ಹಳೇ ಆಂಪ್ಲಿಫೈಯರ್ ರಿಪೇರಿಗೆ ಕೂತಿದ್ದೀನಿ. ಬೆಸುಗೆ (ಸೋಲ್ಡರ್) ಕರಗಿಸಿ ಹಳೇ ಭಾಗಗಳನ್ನ ತೆಗೀಬೇಕು, ಅದೇ ಡೀಸೋಲ್ಡರಿಂಗ್. ಎರಡೂ ಬದಿ ತಾಮ್ರದ ಟ್ರ್ಯಾಕ್ ಇರೋ ಬೋರ್ಡ್. ಕೆಪಾಸಿಟರ್‌ಗಳು ಸೋಲ್ಡರ್ ಹೀರೋ ಕೈಪಂಪ್‌ನಲ್ಲೇ ಬಂದ್ವು. ಆದರೆ 16 ಕಾಲಿನ ಐಸಿ (ಚಿಪ್) ತೆಗೆಯೋವಾಗ ಗ್ರೌಂಡ್ ಕಾಲಿನ ಸೋಲ್ಡರ್ ಕರಗಲೇ ಇಲ್ಲ. ಸುತ್ತಲಿನ ಅಗಲವಾದ ತಾಮ್ರ ಬಿಸಿಯನ್ನೆಲ್ಲ ಎಳ್ಕೊಳ್ತು. ಜಾಸ್ತಿ ಹೊತ್ತು ಐರನ್ ಹಿಡಿದೆ, ಪ್ಯಾಡ್ (ಕಾಲು ಬೆಸೆಯೋ ತಾಮ್ರದ ಬಿಲ್ಲೆ) ಈರುಳ್ಳಿ ಸಿಪ್ಪೆ ಥರ ಎದ್ದು ಬಂತು. ತುಂಬಾ ಸಂಕಟ ಆಯ್ತು. ಸೋಲ್ಡರ್ ಸಲೀಸಾಗಿ ಹರಿಯೋಕೆ ಫ್ಲಕ್ಸ್ ಹಚ್ಚಿ, ಅದನ್ನ ಹೀರೋ ತಾಮ್ರದ ಹೆಣಿಗೆ ಪಟ್ಟಿ (ವಿಕ್) ಕೂಡ ಇಟ್ಟು ನೋಡಿದೆ. ಮೇಲಿನದ್ದು ಹೀರುತ್ತೆ, ತೂತಿನೊಳಗಿನದ್ದು ಬರಲ್ಲ.

ಬಿಸಿ ಮಾಡ್ತಾ ವ್ಯಾಕ್ಯೂಮ್‌ನಲ್ಲಿ ಎಳೆಯೋ ಗನ್ ತಗೊಳ್ಳೋಣ ಅಂತಿದ್ದೀನಿ. ಹಕ್ಕೋ ಎಫ್‌ಆರ್-301 ಗನ್ ಬೆಲೆ ನನ್ನ ಕೈಗೆ ಎಟುಕಲ್ಲ. ಝಡ್‌ಡಿ-915 ಗನ್ ಬಳಸಿದವರು ಇದ್ದೀರಾ? ನಾಝಲ್ ಬೇಗ ಕಟ್ಕೊಳ್ಳುತ್ತಾ? ಫಿಲ್ಟರ್, ನಾಝಲ್ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುತ್ತಾ? ತಿಂಗಳಿಗೆ ಎರಡು ಮೂರು ಬೋರ್ಡ್ ಅಷ್ಟೇ ನನ್ನ ಕೆಲಸ. ಬಳಸಿ ನೋಡಿದವರು ದಯವಿಟ್ಟು ಹೇಳಿ.