ಹಳೇ ಸೋಗಿನ ಲಿನಕ್ಸ್: ‘ರೆಟ್ರೋ’ಗೆ, ‘ಇನ್‌ಸ್ಟಾಲ್’ಗೆ ನಿಮ್ಮ ಕಡೆ ಏನಂತೀರಿ?

ಬಳಗದ ಎಲ್ಲರಿಗೂ ನಮಸ್ಕಾರ.

ಎರಡು ಪದ ಬೇಕಾಗಿವೆ. ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ಈ ಪದಗಳು ಕೈಗೆ ಸಿಗದೆ ನಮ್ಮ ಕಾಕಾ ನನ್ನ ಜೊತೆ ಅರ್ಧ ದಿನ ಮಾತು ಬಿಟ್ಟರು. ಮೊದಲು ನಡೆದದ್ದು ಹೇಳಿಬಿಡುತ್ತೇನೆ.

ಗದಗದಲ್ಲಿ ಕಾಕಾನದೊಂದು ಡಿಟಿಪಿ ಅಂಗಡಿ ಇದೆ. ಗದಗ ಮುದ್ರಣದ ಊರು, ಪಕ್ಕದ ಬೆಟಗೇರಿ ನೇಕಾರರ ಊರು. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ರಸೀದಿ ಪುಸ್ತಕ ಎಲ್ಲವೂ ಕಾಕಾನ ಅಂಗಡಿಯಲ್ಲಿ ಟೈಪ್ ಆಗಿ ಪ್ರೆಸ್ಸಿಗೆ ಹೋಗುತ್ತವೆ. ಅವರ ಕಂಪ್ಯೂಟರಿನಲ್ಲಿ ಇವತ್ತಿಗೂ ವಿಂಡೋಸ್ ಎಕ್ಸ್‌ಪಿ, ಪುಟ ಜೋಡಿಸಲು ಪೇಜ್‌ಮೇಕರ್ 7, ಕನ್ನಡ ಟೈಪಿಗೆ ನುಡಿ. ಇಪ್ಪತ್ತು ವರ್ಷದ ಲಗ್ನಪತ್ರಿಕೆಗಳು ಆ ಡಿಸ್ಕಿನಲ್ಲಿವೆ. ಅಪ್ಪನ ಪತ್ರಿಕೆ ತೆಗೆದು, ಹೆಸರು ತಾರೀಖು ಬದಲಿಸಿ, ಮಗನಿಗೆ ಕೊಟ್ಟದ್ದೂ ಇದೆ.

ಎಕ್ಸ್‌ಪಿ ಬಂದದ್ದು 2001ರ ಅಕ್ಟೋಬರಿನಲ್ಲಿ. 2014ರ ಏಪ್ರಿಲ್ 8ಕ್ಕೆ ಅದರ ಬೆಂಬಲ ನಿಂತಿತು. ಫೈರ್‌ಫಾಕ್ಸ್ ಬ್ರೌಸರ್ ಕೂಡ 52ನೇ ಆವೃತ್ತಿಯ ನಂತರ ಎಕ್ಸ್‌ಪಿಯ ಕೈ ಬಿಟ್ಟಿತು. ಈಗ ಗಿರಾಕಿಗಳು ಮ್ಯಾಟರ್ ಬರೆದ ಕಾಗದ ತರುವುದಿಲ್ಲ, ವಾಟ್ಸ್‌ಆಪ್‌ನಲ್ಲಿ ಯೂನಿಕೋಡ್ ಕನ್ನಡ ಕಳಿಸುತ್ತಾರೆ. ಅದನ್ನು ಎಕ್ಸ್‌ಪಿಯಲ್ಲಿ ತೆರೆಯುವುದೇ ಕಷ್ಟ. ಹಾಗಾಗಿ ಅದೇ ಕಂಪ್ಯೂಟರಿನಲ್ಲಿ ಎಕ್ಸ್‌ಪಿ ಪಕ್ಕಕ್ಕೆ ಒಂದು ಲಿನಕ್ಸ್ (ವಿಂಡೋಸ್ ಹಾಗೆ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ, ಅಂದರೆ ಓಎಸ್) ಹಾಕಿಕೊಡುತ್ತೇನೆ ಅಂದೆ. ಕಾಕಾನದು ಒಂದೇ ಷರತ್ತು: “ನೋಡಾಕ ನಮ್ಮ ಎಕ್ಸ್‌ಪಿ ಹಂಗ ಇರಬೇಕು. ಈ ವಯಸ್ಸಿನ್ಯಾಗ ನಾ ಹೊಸಾದ್ ಕಲಿಯಾಂವಲ್ಲ.”

ಅಂಥದ್ದೂ ಸಿಗುತ್ತದೆ. ಲಿನಕ್ಸ್‌ನಲ್ಲೇ ಒಂದು ಬಗೆಯಾದ ಡೆಬಿಯನ್ ಮೇಲೆ ಕಟ್ಟಿದ ಕ್ಯೂಫೋರ್‌ಓಎಸ್ ತಂದೆ. ಹಳೇ ಕಂಪ್ಯೂಟರಿಗೂ ಅದು ಭಾರವಾಗುವುದಿಲ್ಲ. ಅದರ ಮೇಲೆ ಎಕ್ಸ್‌ಪಿಯ ಹಾಗೆ ಕಾಣಿಸುವ ಥೀಮ್ (ಪರದೆಯ ಬಣ್ಣ, ಬಟನ್, ಚಿತ್ರಗಳ ಅಲಂಕಾರ) ಹೊದಿಸಿದೆ. ಹಸಿರು ಸ್ಟಾರ್ಟ್ ಬಟನ್, ನೀಲಿ ಪಟ್ಟಿ, ಆ ಹಸಿರು ಗುಡ್ಡದ ಚಿತ್ರ ಎಲ್ಲಾ ಬಂತು.

ಸಂಜೆ ಕಾಕಾ ಕೇಳಿದರು: “ಏನ್ ಹಾಕಿದ್ಯೋ ತಮ್ಮಾ?” ನಾನು ಖುಷಿಯಲ್ಲಿದ್ದೆ. “ಹಳೇದರಂಗ ಐತಿ ನೋಡ್ರಿ ಕಾಕಾ” ಅಂದೆ. ಅವರ ಕಿವಿಗೆ ‘ಹಳೇದ ಐತಿ’ ಅಂತ ಬಿತ್ತು. ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಅರ್ಜೆಂಟ್ ಪತ್ರಿಕೆ ಕೆಲಸ. ಪೇಜ್‌ಮೇಕರ್ ಎಲ್ಲೂ ಕಾಣಿಸಲಿಲ್ಲ. ಸಿಡಿ ಹಾಕಿ ಸೆಟಪ್ ಒತ್ತಿದರು. ವಿಂಡೋಸ್‌ನ ಪ್ರೋಗ್ರಾಂ ಲಿನಕ್ಸ್‌ನಲ್ಲಿ ಹಾಗೇ ಓಡುವುದಿಲ್ಲವಲ್ಲ, ಸುಮ್ಮನಿತ್ತು. ನುಡಿಯಲ್ಲಿ ಬರೆದ ಒಂದು ಹಳೇ ಫೈಲ್ ತೆರೆದರು. ಆ ಫಾಂಟ್ ಇಲ್ಲದ್ದರಿಂದ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡಿತು. ಇಪ್ಪತ್ತು ವರ್ಷದ ಕೆಲಸ ಹಾಳಾಯಿತು ಅಂತ ಕೈಕಾಲು ತಣ್ಣಗಾದವಂತೆ. ಫೋನ್ ಬಂತು: “ಹಳೇದ ಐತಿ ಅಂದಿ, ಪೇಜ್‌ಮೇಕರ್ ಯಾಕ ಓಪನ್ ಆಗವಲ್ದು?”

ನಾನು ಅಂದೆ: “ಕಾಕಾ, ಮಷಿನ್ ಬಂದ್ ಮಾಡಿ ಎಕ್ಸ್‌ಪಿ ಹಾಕ್ರಿ.” ಚಾಲೂ ಮಾಡುವಾಗ ಬರುವ ಪಟ್ಟಿಯಲ್ಲಿ ಎಕ್ಸ್‌ಪಿ ಆರಿಸಿ ಅಂತ ನನ್ನ ಅರ್ಥ. ಅವರು ಎಕ್ಸ್‌ಪಿ ಸಿಡಿ ಹುಡುಕಲು ಹೋದರು! ಅವರಿಗೆ ‘ಹಾಕು’ ಅಂದರೆ ಇನ್‌ಸ್ಟಾಲ್. ನನಗೆ ಆ ಹೊತ್ತಿಗೆ ‘ಫ್ಯಾನ್ ಹಾಕು, ಲೈಟ್ ಹಾಕು’ ಅನ್ನುವ ‘ಹಾಕು’. ಪುಣ್ಯಕ್ಕೆ ಸಿಡಿ ಸಿಗಲಿಲ್ಲ. ಸಿಕ್ಕಿದ್ದರೆ ಕಥೆ ಬೇರೆಯೇ ಆಗುತ್ತಿತ್ತು.

ಇದು ತಂತ್ರಜ್ಞಾನದ ತಪ್ಪಲ್ಲ, ಪದದ ತಪ್ಪು ಅನಿಸಿ ಇಲ್ಲಿಗೆ ಬಂದೆ.

ಮೊದಲು ‘ಇನ್‌ಸ್ಟಾಲ್’. ಲಿನಕ್ಸ್‌ನ ಕನ್ನಡ ಅನುವಾದಗಳಲ್ಲಿ ‘ಅನುಸ್ಥಾಪನೆ’, ‘ಅನುಸ್ಥಾಪಿಸು’ ಅಂತ ಕಾಣುತ್ತದೆ. ಮಾಡಿದವರ ಶ್ರಮದ ಮೇಲೆ ಗೌರವ ಇದೆ, ಆದರೆ ಈ ಪದ ನನ್ನ ಬಾಯಿಗೆ ಹತ್ತುವುದಿಲ್ಲ. ಅನುಸರಿಸು, ಅನುಕರಿಸು, ಅನುವಾದ, ಇವುಗಳಲ್ಲಿ ‘ಅನು’ ಯಾವುದನ್ನೋ ಹಿಂಬಾಲಿಸುತ್ತದೆ. ಅನುಸ್ಥಾಪನೆ ಯಾವುದನ್ನು ಹಿಂಬಾಲಿಸುತ್ತದೆ? ಬರೀ ‘ಸ್ಥಾಪನೆ’ ಅಂದರೆ ಧಾರವಾಡದ ವಿದ್ಯಾವರ್ಧಕ ಸಂಘ 1890ರಲ್ಲಿ ಸ್ಥಾಪನೆಯಾಯಿತು ಅನ್ನುತ್ತೇವಲ್ಲ, ಆ ತೂಕ ಬರುತ್ತದೆ. ಡಿಟಿಪಿ ಅಂಗಡಿಯ ಕಂಪ್ಯೂಟರಿಗೆ ಅಷ್ಟು ಜಾಸ್ತಿಯಾಯಿತು. ‘ಅಳವಡಿಸು’ ಪತ್ರಿಕೆಗಳಿಗೆ ಪ್ರೀತಿ. ಸಿಸಿ ಕ್ಯಾಮೆರಾ ಅಳವಡಿಕೆ ಸರಿ. ಆದರೆ ‘ಕೇರಳದ ಶಾಲೆಗಳು ಲಿನಕ್ಸ್ ಅಳವಡಿಸಿಕೊಂಡವು’ ಅಂದರೆ ಕಂಪ್ಯೂಟರಿಗೆ ಹಾಕಿದ್ದೋ, ಅದನ್ನೇ ಬಳಸುವುದೆಂದು ಒಪ್ಪಿಕೊಂಡದ್ದೋ? ಎರಡೂ ಆಗುತ್ತದೆ.

ನಮ್ಮ ಕಡೆ ರಿಪೇರಿ ಅಂಗಡಿ ಹುಡುಗರು ‘ಓಎಸ್ ಹೊಡಿ’, ‘ಫಾರ್ಮ್ಯಾಟ್ ಹೊಡಿ’ ಅನ್ನುತ್ತಾರೆ. ಜೀವಂತ ಮಾತು, ನನಗೆ ಇಷ್ಟ. ಆದರೆ ಕಾಕಾನ ಮುಂದೆ ‘ಹೊಡಿ’ ಅಂದರೆ ಅವರು ಮಷಿನ್ ಮುಟ್ಟಲೂ ಬಿಡುವುದಿಲ್ಲ.

ನನಗೆ ಒಪ್ಪಿಗೆಯಾದದ್ದು ‘ಕುಂದ್ರಸು’. ಬೆಂಗಳೂರು ಕಡೆಯವರ ‘ಕೂರಿಸು’. ಹುಬ್ಬಳ್ಳಿಯಲ್ಲಿ ಚೌತಿಗೆ ಗಣಪತಿ ಕುಂದ್ರಸುತ್ತಾರೆ. ಪ್ರತಿಷ್ಠಾಪನೆ ಅನ್ನುವುದು ಪೆಂಡಾಲಿನ ಬ್ಯಾನರಿನಲ್ಲಿ ಮಾತ್ರ. ಜಾಗ ಮಾಡಿ, ಒರೆಸಿ, ತಂದು, ನೆಲೆ ನಿಲ್ಲಿಸುವುದೆಲ್ಲ ಆ ಒಂದು ಪದದಲ್ಲಿದೆ. ಲಿನಕ್ಸ್‌ಗೂ ಮಾಡುವುದು ಅದನ್ನೇ ಅಲ್ವಾ? ಇನ್ನೊಂದು ಅನುಕೂಲ: ಅನ್‌ಇನ್‌ಸ್ಟಾಲ್‌ಗೂ ಪದ ಸಿಗುತ್ತದೆ. ಗಣಪತಿಯನ್ನು ನಾವು ‘ಕಳಿಸುತ್ತೇವೆ’. “ಎಕ್ಸ್‌ಪಿ ಕಳಿಸಬ್ಯಾಡ, ಪಕ್ಕದಾಗ ಲಿನಕ್ಸ್ ಕುಂದ್ರಸು” ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಆಗ ‘ಹಾಕು’ ಬರೀ ಚಾಲೂ ಮಾಡುವುದಕ್ಕೆ ಉಳಿಯುತ್ತದೆ.

(ಡಿಸ್ಕಿನ ಪಾರ್ಟಿಶನ್‌ಗೆ ನನಗೆ ಹೊಸ ಪದ ಬೇಕಾಗಲೇ ಇಲ್ಲ. “ಡಿಸ್ಕ್ ವಾಟ್ನಿ ಮಾಡೀನಿ, ಎಕ್ಸ್‌ಪಿ ಪಾಲಿಗೆ ಕೈ ಹಚ್ಚಿಲ್ಲ” ಅಂದೆ, ಕಾಕಾಗೆ ತಕ್ಷಣ ತಿಳಿಯಿತು. ಹೊಲ ಮನೆ ವಾಟ್ನಿ ನೋಡಿದ ಜೀವ. ಮೈಸೂರು ಕಡೆಯವರಿಗೆ ಈ ಪದ ಹೊಸದಿರಬಹುದು. ಆಸ್ತಿ ಪಾಲು ಮಾಡಿಕೊಳ್ಳುವುದಕ್ಕೆ ಇಲ್ಲಿ ಹಾಗೆ ಅನ್ನುತ್ತಾರೆ.)

ಇನ್ನು ‘ರೆಟ್ರೋ’, ಅಂದರೆ ಹೊಸದಕ್ಕೆ ಹಳೇ ಕಾಲದ ಚಹರೆ ಕೊಡುವುದು. ನಿಜವಾದ ತಲೆನೋವು ಇದು.

ಲ್ಯಾಟಿನ್‌ನಲ್ಲಿ ರೆಟ್ರೋ ಅಂದರೆ ಹಿಂದಕ್ಕೆ. ಹಾಗಂತ ‘ಹಿನ್ನೋಟ’ ಅನ್ನೋಣ ಅಂದರೆ ಅದು ಕಳೆದದ್ದನ್ನು ತಿರುಗಿ ನೋಡುವುದಾಯಿತು. ‘ಗತಕಾಲದ’ ಅಂದರೆ ಸತ್ತುಹೋದದ್ದರ ವಾಸನೆ. ‘ಹಳೆನೋಟ’ ಅಂತ ನಾನೇ ಒಂದು ಕಟ್ಟಿದೆ, ಚೆನ್ನಾಗಿದೆ ಅಂತಲೂ ಅಂದುಕೊಂಡೆ. ಕಾಕಾ ಕೇಳಿ, “ಹಳೇ ನೋಟ್? 2016ರಾಗ ಬ್ಯಾಂಕಿಗೆ ಕೊಟ್ಟು ಬಂದೇವಲ್ಲೋ” ಅಂದರು. ಅಲ್ಲಿಗೆ ಅದು ಮುಗಿಯಿತು.

ತೊಡಕು ಏನೆಂದರೆ ಇಲ್ಲಿ ‘ಹಳೇದು’ ಮೂರು ಥರ ಇದೆ. ಎಕ್ಸ್‌ಪಿ ಹಳೇದೇ, 2001ರದು. ಕ್ಯೂಫೋರ್‌ಓಎಸ್‌ನಲ್ಲಿ ಬರುವ ಟ್ರಿನಿಟಿ ಅನ್ನುವ ಡೆಸ್ಕ್‌ಟಾಪ್ (ಪರದೆಯ ಮೇಲಿನ ಕಿಟಕಿ, ಮೆನು, ಪಟ್ಟಿಗಳನ್ನು ನಡೆಸುವ ತಂತ್ರಾಂಶ) ಬೇರೆ ಥರ. 2005ರಲ್ಲಿ ಬಂದ ಕೆಡಿಇ 3.5 ಅನ್ನುವ ಡೆಸ್ಕ್‌ಟಾಪನ್ನು ಮೂಲದವರು ಬಿಟ್ಟು ಮುಂದೆ ಹೋದರು. ಬಿಡಲು ಮನಸ್ಸಿಲ್ಲದವರು ಅದನ್ನೇ ಎತ್ತಿಕೊಂಡು, ಟ್ರಿನಿಟಿ ಅಂತ ಹೆಸರಿಟ್ಟು, ಇವತ್ತಿಗೂ ತಿದ್ದುತ್ತಾ ಬಂದಿದ್ದಾರೆ. ಅಂದರೆ ಬೇರು ಹಳೇದು, ಚಿಗುರು ಈಗಿನದು. ಮೂರನೆಯದು ಬರೀ ತೋರಿಕೆ. ಲಿನಕ್ಸ್‌ನದೇ ಇನ್ನೊಂದು ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇಗೆ ಚಿಕಾಗೋ95 ಅಂತ ಒಂದು ಥೀಮ್ ಇದೆ. ವಿಂಡೋಸ್ 95 ತಯಾರಾಗುವಾಗ ಅದಕ್ಕೆ ಚಿಕಾಗೋ ಅಂತ ಗುಟ್ಟಿನ ಹೆಸರಿತ್ತು, ಅದರಿಂದ ಈ ಹೆಸರು. ಹೊದಿಸಿದರೆ ಥೇಟ್ 1995ರ ಬೂದು ಬಣ್ಣದ ಕಿಟಕಿಗಳು. ಒಳಗೆ ವಿಂಡೋಸ್‌ನ ಒಂದು ಎಳೆಯೂ ಇಲ್ಲ.

ಇದನ್ನೇ ಚಿಗವ್ವನಿಗೆ ಹೇಳಿದೆ. ಅವಳು ಸೀರೆಗೆ ತಂದಳು. ಅಜ್ಜಿಯ ಟ್ರಂಕಿನಲ್ಲಿದ್ದ ಇಳಕಲ್ ಸೀರೆ ಒಂದು. ಈಗ ಅದೇ ಕೈಮಗ್ಗದಲ್ಲಿ ಹೊಸದಾಗಿ ನೇಯ್ದದ್ದು ಒಂದು. ಪವರ್‌ಲೂಮಿನಲ್ಲಿ ತೆಗೆದು ಇಳಕಲ್ ಸೆರಗಿನ ಚಿತ್ತಾರ ಕೊಟ್ಟದ್ದು ಇನ್ನೊಂದು. ಮೂರಕ್ಕೂ ಒಂದೇ ಹೆಸರು ಹೇಳಿದರೆ ಗಿರಾಕಿ ಮೋಸ ಹೋಗುತ್ತಾರೆ. ಆಮೇಲೆ ಕಂಪ್ಯೂಟರ್ ನೋಡಿ ಅಂದಳು: “ಮಾರಿ ಎಕ್ಸ್‌ಪಿದು, ಹೊಟ್ಟಿ ಬ್ಯಾರೇದು. ಸೋಗು ಹಾಕೇತಿ ಬಿಡು.”

ಸೋಗು! ಚಿಗವ್ವನ ತವರು ಹಾವೇರಿ ಜಿಲ್ಲೆಯ ಸವಣೂರು ಕಡೆ. ಅವಳ ಅಣ್ಣ ಹುಡುಗನಾಗಿದ್ದಾಗ ದೊಡ್ಡಾಟದಲ್ಲಿ ಪಾರ್ಟು ಮಾಡುತ್ತಿದ್ದ. ಆ ಮನೆಯಲ್ಲಿ ‘ಸೋಗು ಹಾಕುವುದು’ ಅಂದರೆ ಬಣ್ಣ ಬಳಿದು, ಕಿರೀಟ ಕಟ್ಟಿ, ಪಾತ್ರಕ್ಕೆ ಸಿದ್ಧವಾಗುವುದು. ಯಾರೂ ಅದನ್ನು ಬೈಗುಳ ಅಂದುಕೊಳ್ಳುವುದಿಲ್ಲ. ಬಾಗಲಕೋಟೆಯ ಹೋಳಿಯಲ್ಲಿ ಸೋಗಿನ ಬಂಡಿಗಳು ಹೊರಡುವುದೂ ಇದೇ ಅರ್ಥದಲ್ಲಿ. ಥೀಮ್‌ಗೆ ಇದಕ್ಕಿಂತ ಹತ್ತಿರದ ಪದ ನನಗೆ ಕಾಣಲಿಲ್ಲ. ‘ಹಳೇ ಸೋಗಿನ ಲಿನಕ್ಸ್’ ಅಂದ ಕೂಡಲೇ, ಲಿನಕ್ಸ್ ಹಳೇದಲ್ಲ, ಸೋಗು ಹಳೇದು ಅಂತ ತಾನಾಗಿಯೇ ತಿಳಿಯುತ್ತದೆ. ‘ಹಳೇದರಂಗ’ ಅಂದು ನಾನು ಮಾಡಿಕೊಂಡ ಎಡವಟ್ಟು ಇಲ್ಲಿ ಆಗುವುದಿಲ್ಲ.

ಆದರೆ ಬರಹದ ಕನ್ನಡದಲ್ಲಿ ಈ ಪದಕ್ಕೆ ಕಹಿ ಅಂಟಿದೆ. ‘ಸಜ್ಜನಿಕೆಯ ಸೋಗು’, ‘ಸೋಗಲಾಡಿ’ ಅಂತ ಬಳಸಿ ಬಳಸಿ ಅದು ಮೋಸದ ಪಕ್ಕ ಕೂತಿದೆ. ‘ವೇಷ’ವೂ ಹೆಚ್ಚುಕಡಿಮೆ ಹಾಗೇ, ಆದರೂ ಹಗಲುವೇಷ, ಹುಲಿವೇಷಗಳಿಂದ ಅದರ ಮರ್ಯಾದೆ ಸ್ವಲ್ಪ ಉಳಿದಿದೆ. ‘ಹಳೇ ನಮೂನಿ’ ಅನ್ನಬಹುದು, ನಮ್ಮ ಕಡೆ ‘ಯಾವ ನಮೂನಿ’ ಅಂತ ದಿನಾ ಕೇಳುತ್ತೇವೆ. ಆದರೆ ನಮೂನಿ ಅಂದರೆ ಬಗೆ. ತೊಟ್ಟದ್ದನ್ನು ಕಳಚಬಹುದು ಅನ್ನುವುದು ಅದರಲ್ಲಿಲ್ಲ. ಥೀಮ್ ಬೇಕೆಂದಾಗ ಕಳಚುವಂಥದ್ದು, ಆಟ ಮುಗಿದ ಮೇಲೆ ಸೋಗು ಕಳಚುವ ಹಾಗೆ. ಅದಕ್ಕೇ ನಾನು ಸೋಗಿನ ಕಡೆ ವಾಲಿದ್ದೇನೆ. ಆದರೆ ಸೋಗು ಮೂರನೆಯ ಥರದ್ದಕ್ಕೆ ಮಾತ್ರ ಹೊಂದುತ್ತದೆ. ಟ್ರಿನಿಟಿ ಯಾರ ಪಾತ್ರವನ್ನೂ ಆಡುತ್ತಿಲ್ಲ, ತಾನೇ ಆ ಮನೆತನದ್ದು.

ಹಾಗಾಗಿ ಕೇಳುತ್ತಿರುವುದು ಇದು. ಮೈಸೂರು, ಕರಾವಳಿ, ಕಲಬುರ್ಗಿ ಕಡೆ ‘ಸೋಗು’ ಕಿವಿಗೆ ಬಿದ್ದರೆ ಮೊದಲು ಹೊಳೆಯುವುದು ಆಟವೋ, ಮೋಸವೋ? ದೊಡ್ಡಾಟ, ಸಣ್ಣಾಟದವರ ಜೊತೆ ಓಡಾಟ ಇರುವವರು, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದ ಕಡೆಯವರು ಇದ್ದರೆ, ಆಟದವರ ಬಾಯಲ್ಲಿ ಇದಕ್ಕೆ ಬೇರೆ ಪದ ಇದೆಯಾ ಹೇಳಿ. ಟ್ರಿನಿಟಿಯಂಥ ‘ಬೇರು ಹಳೇದು, ಚಿಗುರು ಹೊಸದು’ ಅನ್ನುವುದಕ್ಕೆ ನೇಕಾರರೋ ಬಡಿಗರೋ ಒಂದೇ ಮಾತು ಹೇಳುತ್ತಾರಾ? ‘ಕುಂದ್ರಸು’ ನಿಮಗೆ ಒಪ್ಪಿಗೆಯಾ, ಅಥವಾ ಬರೀ ನಮ್ಮೂರ ಅಭಿಮಾನವಾ?

ಉತ್ತರ ಸ್ವಲ್ಪ ಬೇಗ ಬಂದರೆ ಒಳ್ಳೆಯದು. ಎರಡರಲ್ಲೂ ಒಂದೇ ಹಸಿರು ಗುಡ್ಡ ಇದ್ದದ್ದಕ್ಕೆ ಲಿನಕ್ಸ್‌ನಲ್ಲಿ ಭೀಷ್ಮ ಕೆರೆಯ ಬಸವಣ್ಣನ ಮೂರ್ತಿಯ ಫೋಟೋ ಹಾಕಿದೆ, ಗೊಂದಲ ಕಡಿಮೆಯಾಯಿತು. ಆದರೆ ಮಷಿನ್ ಚಾಲೂ ಆಗುವಾಗಿನ ಪಟ್ಟಿ ಇಂಗ್ಲಿಷಿನಲ್ಲಿದೆ. ಅದಕ್ಕೆ ಚಿಗವ್ವ ಮಾನಿಟರ್ ಮೇಲೆ ಒಂದು ಚೀಟಿ ಅಂಟಿಸಿದ್ದಾಳೆ: “ಮ್ಯಾಲಿಂದು ಸೋಗಿಂದು, ಕೆಳಗಿಂದು ಖರೇದು.” ನನಗೆ ಆ ‘ಖರೇದು’ ಸರಿ ಕಾಣುತ್ತಿಲ್ಲ. ನನ್ನ ಲಿನಕ್ಸ್ ಏನು ಸುಳ್ಳಾ? ಕಾಕಾ ಮಾತ್ರ ಚೀಟಿ ತೆಗೆಯಲು ಬಿಡುತ್ತಿಲ್ಲ. ಬೇರೆ ಪದ ತಂದರೆ ತಾವೇ ದಪ್ಪಕ್ಷರದಲ್ಲಿ ಪ್ರಿಂಟ್ ತೆಗೆದು ಹಚ್ಚುತ್ತಾರಂತೆ. ಅದೂ ಪೇಜ್‌ಮೇಕರಿನಲ್ಲಿ.