ಅಣಕು ಸಂಸತ್ತಿನಲ್ಲಿ ದೊಡ್ಡ ಪಕ್ಷಗಳನ್ನು ವಿಸರ್ಜಿಸಿದರೆ ಆಡಳಿತ ಸುಧಾರಿಸುತ್ತದೆಯೇ?

ಪ್ರಶ್ನೆ:
ನಾವು ಆನ್‌ಲೈನ್‌ನಲ್ಲಿ ನಡೆಸುತ್ತಿರುವ ಅಣಕು ಸರ್ಕಾರದಲ್ಲಿ ಎರಡು ಪಕ್ಷಗಳೇ ಬಹುಪಾಲು ಸ್ಥಾನಗಳನ್ನು ಹಂಚಿಕೊಂಡಿವೆ. ಹೊಸಬರು ಇವೆರಡರಲ್ಲಿ ಒಂದನ್ನು ಸೇರದೆ ಗೆಲ್ಲುವುದು ಕಷ್ಟ. ಮಸೂದೆಯೊಂದು ಸದನಕ್ಕೆ ಬರುವ ಮೊದಲೇ ಪಕ್ಷದ ಖಾಸಗಿ ಚಾಟ್‌ನಲ್ಲಿ ಅದರ ಹಣೆಬರಹ ತೀರ್ಮಾನವಾಗಿರುತ್ತದೆ. ಸದನದಲ್ಲಿ ನಡೆಯುವ ಚರ್ಚೆ ಕೇವಲ ಶಾಸ್ತ್ರಕ್ಕೆ ಎಂಬಂತಾಗಿದೆ. ಎರಡೂ ಪಕ್ಷಗಳನ್ನು ನಿಯಮದ ಮೂಲಕವೇ ವಿಸರ್ಜಿಸಿ, ಎಲ್ಲರೂ ಸ್ವತಂತ್ರರಾಗಿ ಸ್ಪರ್ಧಿಸಲಿ ಎಂಬ ಪ್ರಸ್ತಾವ ನಿರ್ವಾಹಕರ ಮುಂದಿದೆ. ಇದರಿಂದ ನಿಜವಾಗಿ ಪ್ರಯೋಜನವಾದೀತೇ?

ಉತ್ತರ 1:
ಹೆಸರು ಅಳಿಸಿದ ಮಾತ್ರಕ್ಕೆ ಗುಂಪು ಅಳಿಯುವುದಿಲ್ಲ. ಅಮೆರಿಕದಲ್ಲಿ ಆಗಿನ ಎರಡು ದೊಡ್ಡ ಪಕ್ಷಗಳಲ್ಲಿ ಒಂದಾದ ಫೆಡರಲಿಸ್ಟ್ ಪಕ್ಷ ತಾನಾಗಿಯೇ ಸೊರಗಿದ ಮೇಲೆ, 1820ರಲ್ಲಿ ಅಧ್ಯಕ್ಷ ಜೇಮ್ಸ್ ಮನ್ರೋ ಒಂದು ಮತವನ್ನುಳಿದು ಚಲಾವಣೆಯಾದ ಎಲ್ಲ ಎಲೆಕ್ಟೋರಲ್ ಮತಗಳನ್ನು (ಅಧ್ಯಕ್ಷರನ್ನು ಆರಿಸಲು ರಾಜ್ಯಗಳ ಪ್ರತಿನಿಧಿಗಳು ಹಾಕುವ ಮತಗಳನ್ನು) ಪಡೆದು ಮರುಆಯ್ಕೆಯಾದರು. ಪಕ್ಷಜಗಳದ ಕಾಲ ಮುಗಿಯಿತೆಂದು ಜನ ಸಂತೋಷಪಟ್ಟರು. ನಾಲ್ಕೇ ವರ್ಷಗಳಲ್ಲಿ, ಅಂದರೆ 1824ರಲ್ಲಿ, ಒಂದೇ ಪಕ್ಷದ ಹೆಸರು ಹೊತ್ತ ನಾಲ್ವರು ಅಧ್ಯಕ್ಷ ಪದವಿಗೆ ಪರಸ್ಪರ ಸೆಣಸಿದರು. ಬಹುಮತಕ್ಕೆ 131 ಎಲೆಕ್ಟೋರಲ್ ಮತಗಳು ಬೇಕಿದ್ದವು. 99 ಪಡೆದ ಆಂಡ್ರ್ಯೂ ಜಾಕ್ಸನ್ ಮುಂದಿದ್ದರೂ, ತೀರ್ಮಾನ ಪ್ರತಿನಿಧಿ ಸಭೆಗೆ ಹೋಗಿ 84 ಪಡೆದ ಜಾನ್ ಕ್ವಿನ್ಸಿ ಆಡಮ್ಸ್ ಅಧ್ಯಕ್ಷರಾದರು. ಒಳಒಪ್ಪಂದ ನಡೆದಿದೆಯೆಂಬ ಆರೋಪದ ಸುತ್ತಲೇ ಹೊಸ ಬಣಗಳು ಕಟ್ಟಿಕೊಂಡವು. ಪಾಕಿಸ್ತಾನದಲ್ಲಿ 1985ರ ಚುನಾವಣೆಯನ್ನು ಸೇನಾಡಳಿತಗಾರ ಜಿಯಾ ಉಲ್ ಹಕ್ ಪಕ್ಷರಹಿತವಾಗಿ ನಡೆಸಿದರು. ಆದರೆ ಆಯ್ಕೆಯಾದ ಸಭೆಯೊಳಗೇ ಪ್ರಧಾನಿ ಜುನೇಜೊ ಅವರ ನಾಯಕತ್ವದಲ್ಲಿ ಮುಸ್ಲಿಂ ಲೀಗ್ ಮತ್ತೆ ರೂಪುಗೊಂಡಿತು. ನಿಮ್ಮಲ್ಲೂ ಹೀಗೇ ಆಗುತ್ತದೆ. ಈಗ ಯಾರು ಯಾರ ಕಡೆಯವರೆಂಬುದು ಪಟ್ಟಿಯಲ್ಲಾದರೂ ಕಾಣುತ್ತದೆ; ಮುಂದೆ ಅದೂ ಕಾಣುವುದಿಲ್ಲ.

ಉತ್ತರ 2:
ಮೇಲಿನ ಎರಡೂ ನಿದರ್ಶನಗಳು ದೊಡ್ಡ ದೇಶಗಳವು. ಹತ್ತಾರು ಜನರಷ್ಟೇ ಇರುವ ಅಣಕು ಸದನಕ್ಕೆ ಹೋಲಿಸಬೇಕಾದದ್ದು ಕೆನಡಾದ ನುನಾವುಟ್ ಪ್ರಾಂತ್ಯದ ಶಾಸನಸಭೆಯನ್ನು. 1999ರಲ್ಲಿ ರಚನೆಯಾದಂದಿನಿಂದ ಅಲ್ಲಿ ಪಕ್ಷಗಳೇ ಇಲ್ಲ. ಸ್ವತಂತ್ರರಾಗಿ ಗೆದ್ದ ಸದಸ್ಯರೆಲ್ಲರೂ ಸೇರಿ ಗುಪ್ತ ಮತದಾನದಿಂದ ಪ್ರೀಮಿಯರ್ (ಸರ್ಕಾರದ ಮುಖ್ಯಸ್ಥ) ಮತ್ತು ಸಚಿವರನ್ನು ಆರಿಸುತ್ತಾರೆ. ಸಚಿವ ಸಂಪುಟಕ್ಕಿಂತ ಹೊರಗುಳಿದ ಸದಸ್ಯರ ಸಂಖ್ಯೆಯೇ ಹೆಚ್ಚಿರುವುದರಿಂದ, ಅವರನ್ನು ಒಪ್ಪಿಸದೆ ಸರ್ಕಾರ ಒಂದು ಮಸೂದೆಯನ್ನೂ ದಾಟಿಸಲಾರದು. ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ 1937ರಲ್ಲಿ ಆರಂಭವಾದ ಏಕಸದನ ಶಾಸನಸಭೆಯಲ್ಲಿಯೂ ಮತಪತ್ರದ ಮೇಲೆ ಪಕ್ಷದ ಹೆಸರಿಲ್ಲ, ಸಮಿತಿಗಳ ಅಧ್ಯಕ್ಷರನ್ನು ಗುಪ್ತ ಮತದಿಂದ ಆರಿಸುತ್ತಾರೆ. ಯಾವ ಸದಸ್ಯ ಯಾವ ಪಕ್ಷದ ಒಲವಿನವನೆಂಬುದು ಅಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ, ಅದು ಬೇರೆ ಮಾತು. ಎರಡೂ ಕಡೆ ಫಲ ಕೊಟ್ಟಿರುವುದು ಪಕ್ಷದ ಮೇಲಿನ ನಿಷೇಧವಲ್ಲ, ಪದವಿ ಹಂಚುವ ಅಧಿಕಾರವನ್ನು ಪಕ್ಷದ ನಾಯಕರ ಕೈಯಿಂದ ಇಡೀ ಸದನಕ್ಕೆ ವರ್ಗಾಯಿಸಿದ ಕ್ರಮ. ವಿಸರ್ಜನೆಯ ನಿಯಮವನ್ನು ಮಾತ್ರ ಬರೆದು ಇದನ್ನು ಕೈಬಿಟ್ಟರೆ ಏನೂ ಬದಲಾಗದು.

ಉತ್ತರ 3:
ಅಣಕು ಸರ್ಕಾರಕ್ಕೆ ವಿಶಿಷ್ಟವಾದ ತೊಂದರೆಯೊಂದಿದೆ. ಇಲ್ಲಿ ಯಾರಿಗೂ ಸಂಬಳವಿಲ್ಲ, ಕ್ಷೇತ್ರದ ಒತ್ತಡವೂ ಇಲ್ಲ. ಬೇಸರವಾದರೆ ಸದಸ್ಯರು ಸುಮ್ಮನೆ ಮರೆಯಾಗುತ್ತಾರೆ. ಹೊಸಬರಿಗೆ ಮಸೂದೆ ಬರೆಯುವುದನ್ನು ಕಲಿಸುವುದು, ಮತದಾನದ ಗಡುವನ್ನು ನೆನಪಿಸುವುದು, ಗೈರುಹಾಜರಾದವರನ್ನು ಎಳೆದು ತರುವುದು, ಇವೆಲ್ಲವನ್ನೂ ಸದ್ಯಕ್ಕೆ ಮಾಡುತ್ತಿರುವುದು ಪಕ್ಷದ ಸಚೇತಕರೇ. ಅವರನ್ನು ತೆಗೆದರೆ ಆ ಹೊರೆ ನಿರ್ವಾಹಕರ ತಲೆಗೆ ಬರುತ್ತದೆ, ಮತ್ತು ಕೋರಂ (ಕನಿಷ್ಠ ಹಾಜರಾತಿ) ಇಲ್ಲದೆ ಸದನ ನಿಲ್ಲುವ ಸಾಧ್ಯತೆಯೇ ಹೆಚ್ಚು.

ನಿಮ್ಮಲ್ಲಿ ಅತಿ ಹೆಚ್ಚು ಮತ ಪಡೆದವನೇ ಗೆಲ್ಲುವ ಏಕಸದಸ್ಯ ಕ್ಷೇತ್ರಗಳಿದ್ದರೆ, ಎರಡು ಪಕ್ಷಗಳು ಬೆಳೆದದ್ದರಲ್ಲಿ ಆಶ್ಚರ್ಯವಿಲ್ಲ. ಅಂಥ ಪದ್ಧತಿ ಎರಡು ಪಕ್ಷಗಳತ್ತ ವಾಲುತ್ತದೆಂದು ಫ್ರಾನ್ಸಿನ ರಾಜ್ಯಶಾಸ್ತ್ರಜ್ಞ ಮಾರಿಸ್ ಡುವರ್ಜೆ 1950ರ ದಶಕದಲ್ಲೇ ವಿವರಿಸಿದ್ದರು. ಬಹುಸದಸ್ಯ ಕ್ಷೇತ್ರಗಳಲ್ಲಿ ಏಕ ವರ್ಗಾವಣೀಯ ಮತವನ್ನು (ಅಭ್ಯರ್ಥಿಗಳಿಗೆ 1, 2, 3 ಎಂದು ಆದ್ಯತೆ ಕೊಡುವ ಮತ; ಮೊದಲ ಆಯ್ಕೆಗೆ ಬೇಡವಾದ ಮತ ಮುಂದಿನ ಆಯ್ಕೆಗೆ ಹೋಗುತ್ತದೆ) ಜಾರಿಗೆ ತನ್ನಿ; ಆಗ ಮತದಾರರು ಪಕ್ಷಕ್ಕಿಂತ ವ್ಯಕ್ತಿಗೆ ಕ್ರಮಾಂಕ ಕೊಡುತ್ತಾರೆ, ಸ್ವತಂತ್ರರಿಗೂ ಅವಕಾಶ ಸಿಗುತ್ತದೆ. ಸತತವಾಗಿ ಮತ ಹಾಕದವರ ಸ್ಥಾನ ತೆರವಾಗಲಿ. ನಿಗದಿತ ಸಂಖ್ಯೆಯ ಸದಸ್ಯರು ಸಹಿ ಮಾಡಿದರೆ ಯಾವ ಮಸೂದೆಯನ್ನಾದರೂ ಸದನ ಚರ್ಚೆಗೆ ಎತ್ತಿಕೊಳ್ಳಲೇಬೇಕೆಂಬ ನಿಯಮವೂ ಇರಲಿ.

ಪ್ರಶ್ನೆ ಕೇಳಿದವರು:
ನಮ್ಮಲ್ಲಿರುವುದು ಏಕಸದಸ್ಯ ಕ್ಷೇತ್ರಗಳೇ. ಅರ್ಧದಷ್ಟು ಸ್ಥಾನಗಳನ್ನು ಮಾತ್ರ ಪಕ್ಷದ ಪಟ್ಟಿಯಿಂದ ತುಂಬುತ್ತೇವೆ. ಅವಧಿಯ ನಡುವೆ ಪಕ್ಷ ವಿಸರ್ಜನೆಯಾದರೆ ಆ ಸ್ಥಾನಗಳು ಯಾರವು?

ಉತ್ತರ 3 ಬರೆದವರು:
ಪಟ್ಟಿಯಿಂದ ಬಂದ ಸ್ಥಾನಕ್ಕೆ ಮತ ಬಿದ್ದದ್ದು ಪಕ್ಷದ ಹೆಸರಿಗೆ. ಪಕ್ಷ ಇಲ್ಲವಾದ ಮೇಲೆ ತೆರವಾದ ಸ್ಥಾನಕ್ಕೆ ಮುಂದಿನ ಹೆಸರನ್ನು ಸೂಚಿಸುವವರೂ ಇರುವುದಿಲ್ಲ. ಆದ್ದರಿಂದ ಯಾವ ಬದಲಾವಣೆ ಮಾಡಿದರೂ ಈಗಿನ ಅವಧಿ ಮುಗಿಯಲು ಬಿಡಿ, ಹೊಸ ನಿಯಮವನ್ನು ಮುಂದಿನ ಚುನಾವಣೆಗೆ ಅಭ್ಯರ್ಥಿಗಳು ನಾಮಪತ್ರ ಸಲ್ಲಿಸುವ ಮೊದಲೇ ಪ್ರಕಟಿಸಿ.