ಕ್ವಾಡ್ ಇಎಸ್ಎಲ್-63, 405-2, ಎಲ್‌ಪಿ12: ಕಡಲ ಊರಿನಲ್ಲಿ ಹಳೇ ಆಡಿಯೋ ಸಿಸ್ಟಮ್ ಉಳಿಸಿಕೊಳ್ಳೋದಾ, ಬದಲಿಸೋದಾ?

ತೆಂಕಣಗಾಳಿ:

ಊರು ಮಂಗಳೂರು. ಮನೆ ಸಮುದ್ರದಿಂದ ಎರಡು ಕಿಲೋಮೀಟರ್ ಒಳಗೇ ಇದೆ. ಕೋಣೆ 14×16 ಅಡಿ, ಎತ್ತರ 10 ಅಡಿ, ಟೈಲ್ಸ್ ನೆಲ.

ಸಿಸ್ಟಮ್ ಎಲ್ಲವೂ ಎಂಬತ್ತರ ದಶಕದ್ದು. ಕ್ವಾಡ್ ಇಎಸ್ಎಲ್-63 ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ (ಕೋನ್ ಬದಲು ಹೈ ವೋಲ್ಟೇಜ್ ಚಾರ್ಜ್ ಇರುವ ತೆಳು ಹಾಳೆ ಅದುರಿ ಸದ್ದು ಕೊಡುವ ಜಾತಿ), ಕ್ವಾಡ್ 405-2 ಪವರ್ ಆಂಪ್ (ಸ್ಪೀಕರ್ ಓಡಿಸುವ ಪೆಟ್ಟಿಗೆ), ಕ್ವಾಡ್ 34 ಪ್ರಿಆಂಪ್ (ಅದಕ್ಕೆ ಸಿಗ್ನಲ್ ಕೊಡುವ, ವಾಲ್ಯೂಮ್ ಇರುವ ಪೆಟ್ಟಿಗೆ), ವಲ್ಹಲ್ಲಾ ಬೋರ್ಡ್ (ಮೋಟಾರ್ ಓಡಿಸುವ ಸರ್ಕ್ಯೂಟ್) ಇರುವ ಟರ್ನ್‌ಟೇಬಲ್ ಲಿನ್ ಎಲ್‌ಪಿ12, ಜೊತೆಗೆ ಒಂದು ಸಿಡಿ ಪ್ಲೇಯರ್.

ಈಗಿನ ಪರಿಸ್ಥಿತಿ: ಎಡ ಸ್ಪೀಕರ್ ಬಲದ್ದಕ್ಕಿಂತ ಮೆತ್ತಗೆ ಕೇಳುತ್ತದೆ, ಮಳೆಗಾಲದಲ್ಲಂತೂ ಇನ್ನೂ ಮೆತ್ತಗೆ, ಆಗಾಗ ‘ಚಿಟ್’ ಅನ್ನುತ್ತದೆ. ಬಲಗಡೆಯದು ಜೋರಾಗಿದೆ, ಆದರೆ ಮೃದಂಗದ ತೊಪ್ಪಿ (ಎಡಗಡೆಯ ದಪ್ಪ ಸ್ವರ) ಬಿದ್ದಾಗೆಲ್ಲ ಜರಜರ ಅದುರುತ್ತದೆ. ಹಾಡು ನಿಲ್ಲಿಸಿದರೆ ಸಣ್ಣ ಹಮ್ (ಗುಂಯ್ ಸದ್ದು). ಸಿಡಿ ಪ್ಲೇಯರ್ ಅರ್ಧ ಡಿಸ್ಕ್‌ಗಳನ್ನು ಓದುವುದೇ ಇಲ್ಲ.

ಬಜೆಟ್ ಮೂರೂವರೆ ಲಕ್ಷ. ಒಬ್ಬ ಡೀಲರ್ “ಮೊದಲು 300 ವ್ಯಾಟ್ ಆಂಪ್ ಹಾಕಿ, ಸ್ಪೀಕರ್‌ಗೆ ಜೀವ ಬರುತ್ತೆ” ಅನ್ನುತ್ತಾರೆ. ಇನ್ನೊಬ್ಬರು ಎಲ್ಲವನ್ನೂ ಮಾರಿ ಸ್ಟ್ರೀಮಿಂಗ್ ಆಂಪ್, ಫ್ಲೋರ್‌ಸ್ಟ್ಯಾಂಡರ್ ತಗೊಳ್ಳಿ ಅನ್ನುತ್ತಾರೆ. ಯಾವುದರಿಂದ ಶುರು ಮಾಡಲಿ? ಸಂಗೀತ ಹೆಚ್ಚಿನಂಶ ಕರ್ನಾಟಕ ಸಂಗೀತ, ಗಾಯನ, ಸ್ವಲ್ಪ ಜಾಝ್.

---

ಮೈಲಾರ್:

300 ವ್ಯಾಟ್ ಆಂಪನ್ನು ಈ ಸ್ಪೀಕರ್ ಹತ್ತಿರವೂ ತರಬೇಡಿ. ಇಎಸ್ಎಲ್-63ಗೆ ಕಂಪನಿ ಕೊಟ್ಟ ಮಿತಿ ಹೀಗಿದೆ: ನಿರಂತರವಾಗಿ 10 ವೋಲ್ಟ್ ಆರ್‌ಎಂಎಸ್ (ಒಂದು ಬಗೆಯ ಸರಾಸರಿ), ಸಂಗೀತದ ಪೀಕ್ 40 ವೋಲ್ಟ್‌ವರೆಗೆ ವಿಕೃತಿ ಇಲ್ಲ, 55 ವೋಲ್ಟ್ ದಾಟಲೇಬಾರದು. 8 ಓಮ್‌ಗೆ 100 ವ್ಯಾಟ್ ಅಂದರೆ 28.3 ವೋಲ್ಟ್ ಆರ್‌ಎಂಎಸ್, ಪೀಕ್ ಲೆಕ್ಕದಲ್ಲಿ ಸರಿಯಾಗಿ 40. ಅಂದರೆ ನಿಮ್ಮ 405-2 ಆ ಮಿತಿಗೆ ಕರಾರುವಾಕ್ಕಾಗಿ ಕೂರುತ್ತದೆ. 300 ವ್ಯಾಟ್ ಆಂಪ್ 69 ವೋಲ್ಟ್ ಪೀಕ್ ತಳ್ಳಬಲ್ಲದು. ಒಳಗಿನ ರಕ್ಷಣಾ ಸರ್ಕ್ಯೂಟ್ ಇನ್‌ಪುಟ್ಟನ್ನೇ ಶಾರ್ಟ್ ಮಾಡಿ ತಡೆಯಲು ನೋಡುತ್ತದೆ. ಆ ಕೆಲಸ ಮಾಡುವ ನಲವತ್ತು ವರ್ಷದ ಟ್ರಯಾಕ್ (ಎಲೆಕ್ಟ್ರಾನಿಕ್ ಸ್ವಿಚ್) ಮೇಲೆ ಅಷ್ಟು ಭಾರ ಹಾಕುವುದು ಜಾಣತನವಲ್ಲ.

ಇನ್ನು ರೋಗದ ವಿಚಾರ. ನೀವು ಹೇಳಿದ್ದು ಎರಡು ಬೇರೆ ಬೇರೆ ತೊಂದರೆ.

ಬಲಗಡೆಯ ಜರಜರ ಬಹುತೇಕ ಡಸ್ಟ್ ಕವರ್‌ನದು. ಪ್ಯಾನೆಲ್‌ಗಳ (ಸದ್ದು ಹೊರಡಿಸುವ ಹಲಗೆಗಳ) ಹಿಂದೆ ಮುಂದೆ ಬಿಗಿದ ತೆಳು ಪಾಲಿಯೆಸ್ಟರ್ ಹಾಳೆಯ ಅಂಟು ವಯಸ್ಸಾದಂತೆ ಪುಡಿಯಾಗಿ ಹಾಳೆ ಸಡಿಲಾಗುತ್ತದೆ, ಕೆಳ ಸ್ವರಕ್ಕೆ ಅದುರುತ್ತದೆ. ದುಬಾರಿ ಕೆಲಸವಲ್ಲ. ಮೇಲಿನ ಮುಚ್ಚಳದ ಸ್ಕ್ರೂ ಬಿಚ್ಚಿ, ಬಟ್ಟೆಯ ಚೀಲ ಕೆಳಗೆಳೆದು, ಲೋಹದ ಗ್ರಿಲ್ ತೆಗೆದರೆ ಕವರ್‌ನ ಚೌಕಟ್ಟು ಸಿಗುತ್ತದೆ. ಹಳೆ ಅಂಟನ್ನು ಪೂರ್ತಿ ಕೆರೆದು ತೆಗೆಯಿರಿ, ಅರ್ಧ ಸಮಯ ಹೋಗುವುದು ಇಲ್ಲೇ. ತೆಳುವಾದ ಡಬಲ್ ಸೈಡ್ ಟೇಪ್ ಹಾಕಿ, 6 ಮೈಕ್ರಾನ್ ಅಥವಾ ಇನ್ನೂ ತೆಳುವಾದ ಪಾಲಿಯೆಸ್ಟರ್ ಫಿಲ್ಮ್ ಹಾಸಿ, ಹೇರ್ ಡ್ರೈಯರ್ ಹಿಡಿದು ಅಂಚಿನಿಂದ ನಡುವಿಗೆ ಬಿಗಿಮಾಡಿ. ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಬೇಡ, ವಾರದಲ್ಲಿ ಜೋಲುತ್ತದೆ. ಕವರ್ ಇಲ್ಲದೆ ಒಂದು ದಿನವೂ ಪ್ಲಗ್ ಹಾಕಬೇಡಿ, ಹೈ ವೋಲ್ಟೇಜು ಧೂಳನ್ನೆಲ್ಲ ಒಳಗೆಳೆಯುತ್ತದೆ.

ಎಡಗಡೆಯದು ಗಂಭೀರ, ಆದರೆ ಈಗಲೇ ಪ್ಯಾನೆಲ್ ಸತ್ತಿದೆ ಅನ್ನಬೇಡಿ. ಡಯಾಫ್ರಾಮ್ (ಪ್ಯಾನೆಲ್ ಒಳಗೆ ಅದುರುವ ತೆಳು ಹಾಳೆ) ಮೇಲೆ 5.25 ಕಿಲೋವೋಲ್ಟ್ ಚಾರ್ಜ್ ನಿಂತಿರಬೇಕು. ಕಡಲ ಗಾಳಿಯ ಉಪ್ಪು ಧೂಳಿನ ಜೊತೆ ಇನ್ಸುಲೇಶನ್ ಮೇಲೆ ಕೂತಿರುತ್ತದೆ. ಉಪ್ಪು ಸುಮಾರು 75% ತೇವಾಂಶದ ಮೇಲೆ ಗಾಳಿಯ ನೀರು ಹೀರಿ ಕರಗುತ್ತದೆ, ಆಗ ಆ ಧೂಳು ವಿದ್ಯುತ್ ಹರಿಸತೊಡಗುತ್ತದೆ, ಚಾರ್ಜ್ ಸೋರುತ್ತದೆ, ಸದ್ದು ಕುಗ್ಗುತ್ತದೆ. ‘ಮಳೆಗಾಲದಲ್ಲಿ ಇನ್ನೂ ಮೆತ್ತಗೆ’ ಅನ್ನುವ ನಿಮ್ಮ ಮಾತು ಇದಕ್ಕೇ ಹೊಂದುತ್ತದೆ.

ಹಾಗಾಗಿ ಮೊದಲು ಖರ್ಚು ಮಾಡಬೇಕಾದ್ದು ಗಾಳಿಯ ತೇವ ಎಳೆಯುವ ಡಿಹ್ಯುಮಿಡಿಫೈಯರ್‌ಗೆ. ದಿನಕ್ಕೆ 20 ಲೀಟರ್ ಎಳೆಯುವ ಕಂಪ್ರೆಸರ್ ಮಾದರಿ ಈ ಕೋಣೆಗೆ ಸಾಕು, ಬಾಗಿಲು ಮುಚ್ಚಿರಬೇಕು ಅಷ್ಟೆ. ಸಿಲಿಕಾ ಜೆಲ್ ಪೊಟ್ಟಣ ಕ್ಯಾಮೆರಾ ಚೀಲಕ್ಕೆ ಸರಿ, ಕೋಣೆಗಲ್ಲ. ಅಗ್ಗದ ಹೈಗ್ರೋಮೀಟರನ್ನು (ತೇವಾಂಶ ಮೀಟರ್) ಕಣ್ಣುಮುಚ್ಚಿ ನಂಬಬೇಡಿ. ಸ್ಟೀಲ್ ಡಬ್ಬಿಯಲ್ಲಿ ಒಂದು ಬಟ್ಟಲು ಉಪ್ಪು, ಗಂಜಿಯಷ್ಟು ಗಟ್ಟಿಯಾಗುವಂತೆ ನೀರು ಹಾಕಿ, ಪಕ್ಕದಲ್ಲಿ ಮೀಟರಿಟ್ಟು ಮುಚ್ಚಿ. ಹನ್ನೆರಡು ಗಂಟೆ ಬಿಟ್ಟರೆ 75 ತೋರಿಸಬೇಕು. 80 ತೋರಿಸಿದರೆ ಆ ಮೀಟರ್ ಐದು ಹೆಚ್ಚು ಹೇಳುತ್ತದೆ ಅಂತ ಬರೆದಿಟ್ಟುಕೊಳ್ಳಿ.

ಕೋಣೆಯನ್ನು 50%ರ ಆಸುಪಾಸು ಒಂದು ವಾರ ಹಿಡಿದಿಟ್ಟು, ಸ್ಪೀಕರ್‌ಗಳ ಮೇನ್ಸ್ ಹಾಕಿಯೇ ಬಿಟ್ಟು, ಆಮೇಲೆ ಎಡ-ಬಲ ಹೋಲಿಸಿ. ಮೊನೊ ಪಿಂಕ್ ನಾಯ್ಸ್ (ಎಡ-ಬಲ ಒಂದೇ ಆಗಿ ಬರುವ ‘ಶ್’ ಪರೀಕ್ಷಾ ಸದ್ದು) ಹಾಕಿ, ಫೋನ್ ಮೈಕ್ ಎರಡಕ್ಕೂ ಒಂದೇ ಎತ್ತರದಲ್ಲಿ, ಒಂದು ಮೀಟರ್ ದೂರದಲ್ಲಿ. ವ್ಯತ್ಯಾಸ 1 ಡಿಬಿ ಒಳಗಿದ್ದರೆ ಪ್ಯಾನೆಲ್ ಮುಟ್ಟಬೇಡಿ.

---

ಡಂಪರ್405:

ಮೈಲಾರ್ ಸ್ಪೀಕರ್ ಕಡೆ ನೋಡಿದ್ದಾರೆ, ನಾನು ಪೆಟ್ಟಿಗೆಗಳ ಕಡೆ.

405-2ರ ಹಮ್‌ಗೆ ಕೆಪ್ಯಾಸಿಟರ್ ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೂ ಮೊದಲು ಪ್ರಿಆಂಪಿನಿಂದ ಬರುವ ಡಿನ್ ಕೇಬಲ್ (ದುಂಡು ಪ್ಲಗ್ಗಿನದು) ಕಿತ್ತು ನೋಡಿ. ಹಮ್ ನಿಂತರೆ ತಪ್ಪು ಆಂಪಿನದ್ದಲ್ಲ, ಅದಕ್ಕೂ ಹಿಂದಿನ ಪ್ರಿಆಂಪ್-ಕೇಬಲ್ ಕಡೆಯದ್ದು, ಕಡಲೂರಿನಲ್ಲಿ ಬಹುಮಟ್ಟಿಗೆ ಡಿನ್ ಸಾಕೆಟ್‌ನ ಹಸಿರು ಕಿಲುಬಿನದ್ದು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತು ಸಲ ಹಾಕಿ ತೆಗೆಯಿರಿ. ಕೇಬಲ್ ಕಿತ್ತ ಮೇಲೂ ಹಮ್ ಉಳಿದರೆ ಆಗ 10,000 ಮೈಕ್ರೋಫ್ಯಾರಡ್, 63 ವೋಲ್ಟ್‌ನ ಎರಡು ದೊಡ್ಡ ಕೆಪ್ಯಾಸಿಟರ್‌ಗಳ ಸರದಿ. ಒಳಗಿನ ರೇಲ್ (ಸರ್ಕ್ಯೂಟಿಗೆ ಸಿಗುವ ಡಿಸಿ) ಪ್ಲಸ್-ಮೈನಸ್ 50 ವೋಲ್ಟ್ ಆಸುಪಾಸು ಇರುವುದರಿಂದ 50 ವೋಲ್ಟಿನವನ್ನು ಹಾಕಬಾರದು, ಅಂಗಡಿಯವ “ಇದೂ ನಡೆಯುತ್ತೆ ಸಾರ್” ಅಂದರೂ. ಈಗಿನವು ಗಾತ್ರದಲ್ಲಿ ಸಣ್ಣವು, ಹಳೆ ಕ್ಲ್ಯಾಂಪ್ ಹಿಡಿಯುವುದಿಲ್ಲ, ರಬ್ಬರ್ ಪಟ್ಟಿ ಸುತ್ತಬೇಕು. ಪೋಲಾರಿಟಿ ಎರಡು ಸಲ ನೋಡಿ.

ಈ ಆಂಪಿನ ಕರೆಂಟ್ ಡಂಪಿಂಗ್ ವಿನ್ಯಾಸದ ಒಂದು ಅನುಕೂಲ, ಬಯಾಸ್ (ಟ್ರಾನ್ಸಿಸ್ಟರ್‌ಗಳಲ್ಲಿ ಸದಾ ಹರಿಯುವ ಸಣ್ಣ ಕರೆಂಟ್) ಹೊಂದಿಸುವ ತಿರುಪೇ ಇಲ್ಲ. ಯಾರಾದರೂ “ಬಯಾಸ್ ಸೆಟ್ ಮಾಡಿದ್ದೇನೆ” ಅಂತ ಬಿಲ್ ಬರೆದರೆ ಆ ರಿಪೇರಿಯವನನ್ನು ಬಿಡಿ. ಕೆಲಸ ಮುಗಿದ ಮೇಲೆ ಮೊದಲ ಸಲ ಮೇನ್ಸ್ ಕೊಡುವಾಗ ಸಾಲಿನಲ್ಲಿ 60 ವ್ಯಾಟಿನ ಹಳೇ ಬಲ್ಬ್ ಸೇರಿಸಿ, ಎಲ್‌ಇಡಿ ಅಲ್ಲ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಸರಿ, ಬೆಳಗಿಯೇ ಇದ್ದರೆ ಒಳಗೆ ಶಾರ್ಟ್. ಬಲ್ಬ್ ತೆಗೆದು, ಇನ್‌ಪುಟ್ ಶಾರ್ಟ್ ಮಾಡಿ, ಹತ್ತು ನಿಮಿಷ ಬಿಟ್ಟು, ಸ್ಪೀಕರ್ ಜೋಡಿಸದೆ ಔಟ್‌ಪುಟ್‌ನ ಡಿಸಿ ಅಳೆಯಿರಿ. 10 ಮಿಲಿವೋಲ್ಟ್ ಒಳಗೆ ಒಳ್ಳೆಯದು, 50 ದಾಟಿದರೆ ಹುಡುಕಬೇಕು. ಇಎಸ್ಎಲ್ ಒಳಗೆ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಇದೆ, ಡಿಸಿ ಅದಕ್ಕೆ ವಿಷ.

ಸಿಡಿ ಪ್ಲೇಯರ್‌ಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಆ ಕಾಲದ ಲೇಸರ್‌ಗಳ ತಯಾರಿ ನಿಂತು ಹೋಗಿದೆ, ‘ಹೊಸದು’ ಅಂತ ಬರುವುದರಲ್ಲಿ ಎಷ್ಟೋ ಹಳೆ ಪ್ಲೇಯರ್‌ನಿಂದ ಕಿತ್ತವು. ಕಂಪ್ಯೂಟರ್ ಡ್ರೈವಿನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ತಂತ್ರಾಂಶ ಬಳಸಿ ಎಲ್ಲ ಸಿಡಿಗಳನ್ನೂ ಫ್ಲ್ಯಾಕ್ (ಗುಣಮಟ್ಟ ಕುಗ್ಗದ ಫೈಲ್) ಮಾಡಿಕೊಳ್ಳಿ. ನುಡಿಸಲು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್), ಒಂದು ಒಳ್ಳೆ ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಫೈಲನ್ನು ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆ) ಸಾಕು. ನಿಮ್ಮ ಇಡೀ ಪಟ್ಟಿಯಲ್ಲಿ ನಿಜವಾದ ಅಪ್‌ಗ್ರೇಡ್ ಅಂದರೆ ಇದೊಂದೇ.

ಇಲ್ಲಿ ಎಡವುವವರು ಬಹಳ. ಡ್ಯಾಕ್ 2 ವೋಲ್ಟ್ ಕೊಡುತ್ತದೆ. ಕ್ವಾಡ್ 34ರ ಕಾಲದ ಲೈನ್ ಇನ್‌ಪುಟ್ 100 ಮಿಲಿವೋಲ್ಟ್‌ಗೆ ಮಾಡಿದ್ದು. 26 ಡಿಬಿ ಹೆಚ್ಚಾಯಿತು. ವಾಲ್ಯೂಮ್ ಎಂಟು ಗಂಟೆಯ ಜಾಗ ದಾಟುವ ಮೊದಲೇ ಕಿವಿ ಗುಂಯ್ ಅನ್ನುತ್ತದೆ, ಅಲ್ಲಿ ಎಡ-ಬಲ ಸಮತೋಲವೂ ಸರಿಯಿರುವುದಿಲ್ಲ, ಸದ್ದು ಒರಟಾಗುತ್ತದೆ. ಜನ ಡ್ಯಾಕ್ ಕೆಟ್ಟದ್ದು ಅಂದುಕೊಂಡು ಇನ್ನೊಂದು ಡ್ಯಾಕ್ ತರುತ್ತಾರೆ. ಪ್ರತಿ ಚಾನೆಲ್‌ಗೆ ಸಾಲಿನಲ್ಲಿ 9.1 ಕಿಲೋಓಮ್, ಆಮೇಲೆ ನೆಲಕ್ಕೆ 1 ಕಿಲೋಓಮ್ ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿ, 20 ಡಿಬಿ ಇಳಿಯುತ್ತದೆ, 2 ವೋಲ್ಟ್ ಸುಮಾರು 0.2 ಆಗುತ್ತದೆ. ರೆಸಿಸ್ಟರ್ ಪ್ರಿಆಂಪ್ ಕಡೆಯ ಪ್ಲಗ್ ಒಳಗೇ ಇರಲಿ. ಪ್ರಿಆಂಪ್ ಬಿಟ್ಟು ಡ್ಯಾಕನ್ನು ನೇರ 405-2ಗೆ ಕೊಡುವುದಾದರೆ ಅದಕ್ಕೆ ಪೂರ್ತಿ ಶಕ್ತಿಗೆ ಬೇಕಾದ್ದು 0.5 ವೋಲ್ಟ್, ಆಗ 3 ಕಿಲೋಓಮ್ ಮತ್ತು 1 ಕಿಲೋಓಮ್, 12 ಡಿಬಿ.

ವೋಲ್ಟೇಜ್ ಅಳೆದಿದ್ದೀರಾ? ರಾತ್ರಿ ಹನ್ನೊಂದರ ಮೇಲೆ 245 ದಾಟುತ್ತಿದ್ದರೆ ಎಲ್ಲ ಪೆಟ್ಟಿಗೆಗಳ ಸೆಲೆಕ್ಟರ್ 240ರಲ್ಲಿರಲಿ. ಸ್ಟೆಬಿಲೈಸರ್ ಬೇಕೇ ಬೇಕಾದರೆ ಸರ್ವೋ ಮಾದರಿ. ರಿಲೇ ಮಾದರಿ ಪ್ರತಿ ಸಲ ಟಕ್ ಅಂದಾಗ ಸ್ಪೀಕರ್‌ನಲ್ಲೂ ಟಪ್ ಅನ್ನುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಲೈನಿಗೆ ಇವುಗಳಲ್ಲಿ ಯಾವುದನ್ನೂ ಜೋಡಿಸಬೇಡಿ.

---

ಮೂವತ್ಮೂರುಮೂರನೇಒಂದು:

ಟರ್ನ್‌ಟೇಬಲ್ ಬಗ್ಗೆ ಯಾರೂ ಹೇಳಲಿಲ್ಲ. ಅದರ ದೂರು ಇಲ್ಲ ಅಂತ ಬಿಡಬೇಡಿ, ವಲ್ಹಲ್ಲಾ ಬೋರ್ಡ್ ಮುನ್ಸೂಚನೆ ಕೊಡದೆ ಹೋಗುತ್ತದೆ. ತಳದ ಹಲಗೆ ಬಿಚ್ಚಿ ರೆಸಿಸ್ಟರ್ ಸುತ್ತ ಬೋರ್ಡ್ ಕಂದಾಗಿದೆಯೇ, ಕೆಪ್ಯಾಸಿಟರ್ ತಲೆ ಉಬ್ಬಿದೆಯೇ ನೋಡಿ. ಎಚ್ಚರ: ಆ ಬೋರ್ಡ್ ಮೇನ್ಸ್‌ನಿಂದ ಐಸೊಲೇಟ್ ಆಗಿಲ್ಲ. ಪ್ಲಗ್ ಹಾಕಿದ್ದಾಗ ಅದರ ಯಾವ ಭಾಗ ಮುಟ್ಟಿದರೂ ನೇರ ಮೇನ್ಸ್ ಮುಟ್ಟಿದಂತೆ, ಆಸಿಲೋಸ್ಕೋಪಿನ ಅರ್ತ್ ಕ್ಲಿಪ್ ಸಿಕ್ಕಿಸಿದರೂ ಸ್ಫೋಟ. ಇದನ್ನು ತಿಳಿದವರ ಕೈಯಲ್ಲೇ ಮಾಡಿಸಿ. ಹಾಕುವ ಕೆಪ್ಯಾಸಿಟರ್ 105 ಡಿಗ್ರಿಯವು ಇರಲಿ, ಒಳಗೆ ಸೆಖೆ ಜಾಸ್ತಿ.

ಬೇರಿಂಗ್ ಎಣ್ಣೆ ಬದಲಿಸಿ. ಹಳೆಯದನ್ನು ನಾರು ಬಿಡದ ಬಟ್ಟೆಯಲ್ಲಿ ಒರೆಸಿ, ಹೊಸದು ಹಾಕಿ, ಸ್ಪಿಂಡಲ್ ನಿಧಾನ ಇಳಿಸಿದಾಗ ಬಾಯಂಚಿನಲ್ಲಿ ಚೂರು ಉಕ್ಕಬೇಕು. ಹೊಲಿಗೆ ಯಂತ್ರದ ಎಣ್ಣೆ ಬೇಡ. ಬೆಲ್ಟ್, ಮೂರು ಸ್ಪ್ರಿಂಗಿನ ಗ್ರೊಮೆಟ್ (ರಬ್ಬರ್ ಬಳೆ) ಒಟ್ಟಿಗೇ ಬದಲಿಸಿ, ಪ್ಲ್ಯಾಟರ್ ಒತ್ತಿ ಬಿಟ್ಟರೆ ನೇರ ಮೇಲೆ ಕೆಳಗೆ ಆಡಬೇಕು. ಅಡ್ಡಕ್ಕೆ ಓಲಾಡಿದರೆ ಆರ್ಮ್ ಕೇಬಲ್ ಎಲ್ಲೋ ಎಳೆಯುತ್ತಿದೆ.

ಕಾರ್ಟ್ರಿಜ್ (ಸೂಜಿ ಕೂರುವ ಭಾಗ) ಬಗ್ಗೆ: ಸೂಜಿಯ ಆಯುಸ್ಸು ಸುಮಾರು 1000 ಗಂಟೆ ಅಂತಿಟ್ಟುಕೊಂಡರೂ ದಿನಕ್ಕೆ ಎರಡು ಎಲ್‌ಪಿಗೆ ಎರಡು ವರ್ಷ ಅಷ್ಟೆ. ಬಳಸದೆ ಇಟ್ಟಿದ್ದರೂ ಸಸ್ಪೆನ್ಷನ್ ರಬ್ಬರ್ ಗಟ್ಟಿಯಾಗಿರುತ್ತದೆ. ಈ ಬಜೆಟ್ಟಿನಲ್ಲಿ ಸೂಜಿ ಬದಲಿಸಬಹುದಾದ ಮೂವಿಂಗ್ ಮ್ಯಾಗ್ನೆಟ್ ಮಾದರಿ ಸಾಕು. ಪ್ಲೇಟುಗಳ ಬೂಷ್ಟಿಗೆ ಮೂರು ಪಾಲು ಡಿಸ್ಟಿಲ್ಡ್ ವಾಟರ್, ಒಂದು ಪಾಲು ಐಸೊಪ್ರೊಪೈಲ್. 78 ವೇಗದ ಹಳೇ ಅರಗಿನ ಪ್ಲೇಟಿಗೆ ಮಾತ್ರ ಆಲ್ಕೋಹಾಲ್ ತಾಗಿಸಬೇಡಿ, ಕರಗುತ್ತದೆ.

---

ಕೋನ್‌ಪಕ್ಷ:

ಒಂದು ಅಪಸ್ವರ. ಡಿಹ್ಯುಮಿಡಿಫೈಯರ್ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚೂಕಡಿಮೆ ಸದಾ ಓಡಬೇಕು, ಬಾಗಿಲು ಕಿಟಕಿ ಮುಚ್ಚಿರಬೇಕು. ಹಾಡು ಕೇಳುವಾಗ ಅದರ ಸದ್ದು ಬೇರೆ. ಮನೆಯವರು ಆ ಕೋಣೆಯಲ್ಲೇ ಬಟ್ಟೆ ಒಣಹಾಕುವವರಾದರೆ ಈ ಯೋಜನೆ ಎರಡನೇ ಮಳೆಗಾಲ ಕಾಣುವುದಿಲ್ಲ. 65%ರ ಕೆಳಗೆ ಹಿಡಿಯಲು ಆಗುವುದಿಲ್ಲ ಅನ್ನಿಸಿದರೆ ಎಲೆಕ್ಟ್ರೋಸ್ಟ್ಯಾಟಿಕ್ ಬಿಟ್ಟು ಮಾಮೂಲಿ ಕೋನ್ ಸ್ಪೀಕರ್ ತಗೊಳ್ಳಿ, ಸರೌಂಡ್ (ಕೋನ್ ಸುತ್ತಲಿನ ಅಂಚು) ರಬ್ಬರ್‌ದಿರಲಿ. ಫೋಮ್ ಸರೌಂಡ್ ನಮ್ಮ ಹವೆಯಲ್ಲಿ ಪುಡಿಯಾಗುತ್ತದೆ. 405-2 ಅದನ್ನೂ ಓಡಿಸುತ್ತದೆ, ಆಂಪ್ ಮಾರಬೇಕಿಲ್ಲ.

---

ತೆಂಕಣಗಾಳಿ:

ಕೋಣೆ ಇದಕ್ಕೇ ಮೀಸಲು, ಮುಚ್ಚಿಡಬಹುದು. ಉಪ್ಪಿನ ಪರೀಕ್ಷೆ ಮಾಡಿದ ಮೀಟರ್ ಈಗ 83 ತೋರಿಸುತ್ತಿದೆ. ಯಂತ್ರ ತರಿಸುತ್ತೇನೆ. ವಾರ ಒಣಗಿಸಿದ ಮೇಲೂ ಎಡಗಡೆ ಕಡಿಮೆಯೇ ಇದ್ದರೆ?

---

ಮೈಲಾರ್:

ಕೋನ್‌ಪಕ್ಷ ಹೇಳಿದ್ದು ಸರಿಯೇ. 65 ಹಿಡಿಯಲಾಗದ ಕೋಣೆಗೆ ಹೊಸ ಪ್ಯಾನೆಲ್ ಹಾಕುವುದು ದುಡ್ಡು ಕಡಲಿಗೆ ಸುರಿದಂತೆ. ನಿಮಗೆ ಆ ತೊಡಕಿಲ್ಲ, ಮುಂದುವರಿಯಿರಿ. ಯಂತ್ರವನ್ನು ಕೇಳುವುದಕ್ಕೆ ಅರ್ಧ ಗಂಟೆ ಮುಂಚೆ ಆರಿಸಿದರೆ ಸಾಕು, ಮುಚ್ಚಿದ ಕೋಣೆ ಅಷ್ಟು ಬೇಗ ಹಸಿಯಾಗುವುದಿಲ್ಲ.

ಎಡಗಡೆ ಕಡಿಮೆಯೇ ಉಳಿದರೆ: ಮೊದಲು ಆಂಪಿನ ಸ್ಪೀಕರ್ ವೈರ್ ಎಡ-ಬಲ ಅದಲುಬದಲು. ಮೆತ್ತಗಿನ ಸದ್ದು ಬಲಕ್ಕೆ ಹೋದರೆ ಅದು ಆಂಪ್ ಅಥವಾ ಪ್ರಿಆಂಪ್, ಎಡದಲ್ಲೇ ಉಳಿದರೆ ಸ್ಪೀಕರ್. ಸ್ಪೀಕರ್ ಅಂತಾದರೆ ಎರಡರ ಹೈ ವೋಲ್ಟೇಜ್ ಬೋರ್ಡ್ ಅದಲುಬದಲು. ತೊಂದರೆ ಬೋರ್ಡಿನ ಜೊತೆ ಹೋದರೆ ಮಲ್ಟಿಪ್ಲೈಯರ್‌ನ (ವೋಲ್ಟೇಜ್ ಏರಿಸುವ ಸರ್ಕ್ಯೂಟ್) ಡಯೋಡ್-ಕೆಪ್ಯಾಸಿಟರ್ ಬದಲಿಸಿದರೆ ಮುಗಿಯಿತು, ಭಾಗಗಳು ಅಗ್ಗ. ಜಾಗ ಬಿಡದಿದ್ದರೆ ಪ್ಯಾನೆಲ್. ಬೋರ್ಡಿನ ಮೇಲಿನ ನಿಯಾನ್ ದೀಪ ಮಿಣುಕುವ ವೇಗ ನೋಡಿ: ಸೋರಿಕೆ ಹೆಚ್ಚಿದ್ದಷ್ಟೂ ವೇಗ ಹೆಚ್ಚು. ನಾಲ್ಕು ಪ್ಯಾನೆಲ್‌ಗಳಲ್ಲಿ ಮೇಲಿನದು, ಕೆಳಗಿನದು ಬಾಸ್, ನಡುವಿನ ಎರಡು ಮಿಡ್ ಮತ್ತು ಟ್ರೆಬಲ್. ಒಂದೊಂದನ್ನೇ ಬೇರ್ಪಡಿಸುತ್ತಾ ಹೋದರೆ ಸೋರುವುದು ಯಾವುದು ಗೊತ್ತಾಗುತ್ತದೆ.

ಪ್ರತಿ ಸಲ ಬಿಚ್ಚುವ ಮುಂಚೆ ಪ್ಲಗ್ ಕಿತ್ತು ಒಂದು ರಾತ್ರಿ ಬಿಡಿ. ಇದಕ್ಕೆ ವಿನಾಯಿತಿ ಇಲ್ಲ. 5.25 ಕಿಲೋವೋಲ್ಟನ್ನು ಮಲ್ಟಿಮೀಟರಿನಲ್ಲಿ ಅಳೆಯಲೂ ಹೋಗಬೇಡಿ, ಮೀಟರಿಗೆ ಅಪಾಯ ಒಂದು ಕಡೆ, ಅದರ 10 ಮೆಗಾಓಮ್‌ಗೇ ವೋಲ್ಟೇಜ್ ಕುಸಿದು ಸುಳ್ಳು ಸಂಖ್ಯೆ ಬರುವುದು ಇನ್ನೊಂದು ಕಡೆ.

ಪ್ಯಾನೆಲ್ಲೇ ಹೋಗಿದ್ದರೆ ಜರ್ಮನಿಯ ಕ್ವಾಡ್ ಮುಸಿಕ್‌ವೀಡರ್‌ಗಾಬೆ ಅಥವಾ ಇಂಗ್ಲೆಂಡಿನ ಒನ್ ಥಿಂಗ್ ಆಡಿಯೋಗೆ ಬರೆಯಿರಿ, ಇಬ್ಬರದ್ದೂ ಇದೇ ಕಸುಬು. ಸಾಗಣೆ, ಸುಂಕ ಸೇರಿಸಿ ಲೆಕ್ಕ ಹಾಕಿ, ಬಜೆಟ್ಟಿನ ಅರ್ಧವನ್ನಾದರೂ ಅಲ್ಲಿಯವರೆಗೆ ಮುಟ್ಟದೆ ಇಟ್ಟುಕೊಳ್ಳಿ. ಒಂದು ಹೋಗಿದ್ದರೆ ಒಂದನ್ನೇ ಬದಲಿಸಬಹುದು, ಆದರೆ ನಡುವಿನದಾದರೆ ಎಡ-ಬಲ ಸ್ವರ ಹೊಂದಲು ಜೋಡಿ ಹಾಕುವುದು ವಾಸಿ.

---

ಡಂಪರ್405:

ಸ್ಪೀಕರ್‌ಗಳ ಮೇನ್ಸ್ ಹಾಕಿಯೇ ಬಿಡಿ ಅನ್ನುವ ಮೈಲಾರ್ ಮಾತಿಗೆ ಒಂದು ತಿದ್ದುಪಡಿ. ಏಪ್ರಿಲ್-ಮೇ ತಿಂಗಳಲ್ಲಿ ಸಂಜೆ ಗುಡುಗು ಶುರುವಾದರೆ ಸ್ಪೀಕರ್ ಸೇರಿ ಎಲ್ಲ ಪ್ಲಗ್ ಕಿತ್ತಿಡಿ, ಬ್ರಾಡ್‌ಬ್ಯಾಂಡ್ ಕೇಬಲನ್ನೂ. ಪೈ ಮೂಲಕ ಸಿಡಿಲಿನ ಏಟು ಡ್ಯಾಕ್ ದಾಟಿ ಆಂಪಿಗೆ ಬರಬಹುದು, ಸ್ವಿಚ್ ಆರಿಸಿದ್ದರೂ. ಮತ್ತೆ ಹಾಕಿದ ಮೇಲೆ ಇಎಸ್ಎಲ್ ಪೂರ್ತಿ ಚಾರ್ಜ್ ಆಗಲು ಕೆಲವು ಗಂಟೆ ಬೇಕು, ಆ ಹೊತ್ತಿನಲ್ಲಿ ಎಡ-ಬಲ ಹೋಲಿಸಬೇಡಿ.